ಟಮ್ಮಿ ಟಕ್ ಮಾಡಿಸುವ ಮುಂಚೆ

ಹೆರಿಗೆ ಮುಗಿದು ತೂಕ ಇಳಿದ ಮೇಲೂ ಹೊಟ್ಟೆ ಮಾತ್ರ ಬಸುರಿಯಂತೆ ಮುಂದೆ ಬಂದಿರುವವರಿಗೆ, ತುಂಬಾ ತೂಕ ಇಳಿಸಿ ಚರ್ಮ ಜೋತುಬಿದ್ದವರಿಗೆ ಟಮ್ಮಿ ಟಕ್, ಅಂದರೆ ಹೊಟ್ಟೆ ಬಿಗಿಗೊಳಿಸುವ ಆಪರೇಷನ್, ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಬೊಜ್ಜು ಇಳಿಸಲು ಇದು ದಾರಿಯಲ್ಲ. ಜೋತುಬಿದ್ದ ಚರ್ಮವನ್ನು ಅದರಡಿಯ ಕೊಬ್ಬಿನ ಸಮೇತ ಕತ್ತರಿಸಿ ತೆಗೆಯುತ್ತಾರೆ, ನಡುವೆ ಸಂದಿ ಬಿಟ್ಟು ದೂರ ಸರಿದ ಸ್ನಾಯುಗಳನ್ನು ಹತ್ತಿರಕ್ಕೆ ಎಳೆದು ಹೊಲಿಯುತ್ತಾರೆ. ಕರುಳಿನ ಸುತ್ತ ಕೂತ ಕೊಬ್ಬನ್ನು ಮುಟ್ಟುವುದೇ ಇಲ್ಲ.

ಸ್ನಾಯು ಬಿಟ್ಟುಕೊಂಡಿದೆಯೇ ಎಂದು ಮನೆಯಲ್ಲೇ ನೋಡಬಹುದು. ಅಂಗಾತ ಮಲಗಿ, ಮೊಣಕಾಲು ಮಡಚಿ, ತಲೆ ತುಸು ಎತ್ತಿ ಹೊಕ್ಕಳಿನ ಮೇಲೆ ಕೆಳಗೆ ನಡುಗೆರೆಯಲ್ಲಿ ಬೆರಳು ಒತ್ತಿ. ಎರಡು ಬೆರಳಿಗಿಂತ ಹೆಚ್ಚು ಸಂದಿದ್ದರೆ ಸ್ನಾಯು ಬಿಟ್ಟುಕೊಂಡಿದೆ ಎಂದೇ ಲೆಕ್ಕ. ಬಾಣಂತನದಲ್ಲಿ ಬಟ್ಟೆ ಕಟ್ಟಿದ ಮಾತ್ರಕ್ಕೆ ಅದು ಕೂಡಿಕೊಳ್ಳುವುದಿಲ್ಲ. ಕೆಮ್ಮಿದಾಗ ಹೊಕ್ಕಳು ಉಬ್ಬಿದರೆ ಹರ್ನಿಯಾ (ಸ್ನಾಯುವಿನ ಸಂದಿಯಿಂದ ಒಳಗಿನ ಕೊಬ್ಬೋ ಕರುಳೋ ಹೊರಗೆ ತೂರುವುದು) ಇರಬಹುದು. ಸರ್ಜನ್‌ಗೆ ಮೊದಲೇ ಹೇಳಿ, ಸ್ಕ್ಯಾನ್ ಮಾಡಿಸಿ. ಲೈಪೋಸಕ್ಷನ್ (ಕೊಳವೆ ತೂರಿಸಿ ಕೊಬ್ಬು ಹೀರಿ ತೆಗೆಯುವುದು) ಕೂಡ ಮಾಡುವುದಿದ್ದರಂತೂ ಇದನ್ನು ಬಿಡಲೇಬೇಡಿ, ಗೊತ್ತಿಲ್ಲದ ಹರ್ನಿಯಾದಲ್ಲಿ ಕೊಳವೆ ಕರುಳಿಗೆ ತಾಗುವ ಅಪಾಯವಿದೆ.

ಇನ್ನೊಂದು ಮಗು ಬೇಕೆಂದಿದ್ದರೆ ಕಾಯಿರಿ, ಬಸುರಾದರೆ ಹೊಲಿದದ್ದು ಮತ್ತೆ ಹಿಗ್ಗುತ್ತದೆ. ತೂಕ ಆರು ತಿಂಗಳಾದರೂ ಏರಿಳಿಯದೆ ನಿಂತಿರಬೇಕು, ಬಿಎಂಐ (ಎತ್ತರಕ್ಕೆ ತೂಕ ಎಷ್ಟಿದೆ ಎಂಬ ಲೆಕ್ಕ) 30ರ ಒಳಗಿದ್ದರೆ ಒಳ್ಳೆಯದು.

ಎಲ್ಲಕ್ಕಿಂತ ಮುಖ್ಯವಾದದ್ದು ಚರ್ಮಕ್ಕೆ ಹರಿಯುವ ರಕ್ತ. ಆಪರೇಷನ್‌ನಲ್ಲಿ ಚರ್ಮವನ್ನು ಪಕ್ಕೆಲುಬಿನವರೆಗೆ ಬಿಡಿಸಿ ಕೆಳಗೆ ಎಳೆಯುತ್ತಾರೆ. ಆಗ ನಡುವಿನ ರಕ್ತನಾಳಗಳು ತುಂಡಾಗಿ, ಚರ್ಮ ಬದುಕುವುದು ಪಕ್ಕದಿಂದ ಬರುವ ನಾಳಗಳ ಮೇಲೆ. ಹೊಲಿಗೆ ಅತಿ ಬಿಗಿಯಾಗಿರುವ ಕೆಳ ನಡುಭಾಗಕ್ಕೇ ರಕ್ತ ಅತಿ ಕಡಿಮೆ ಸಿಗುತ್ತದೆ. ನಿಕೋಟಿನ್ ಆ ನಾಳಗಳನ್ನೂ ಕುಗ್ಗಿಸಿದರೆ ಚರ್ಮ ಕಪ್ಪಾಗಿ ಸತ್ತುಹೋಗಿ, ಗಾಯ ಬಿಟ್ಟುಕೊಂಡು, ವಾರಗಟ್ಟಲೆ ಡ್ರೆಸಿಂಗ್ ಆಗುತ್ತದೆ. ಆದ್ದರಿಂದ ಮುಂಚೆ ನಾಲ್ಕು ವಾರ, ಆಮೇಲೆ ನಾಲ್ಕು ವಾರ ಬೀಡಿ, ಸಿಗರೇಟು, ಗುಟ್ಕಾ, ಹೊಗೆಸೊಪ್ಪು, ನಿಕೋಟಿನ್ ಗಮ್ ಯಾವುದೂ ಬೇಡ. ಸಿಸೇರಿಯನ್ ಗುರುತಿನಿಂದ ಸಾಮಾನ್ಯವಾಗಿ ತೊಂದರೆಯಿಲ್ಲ, ಅದು ಕತ್ತರಿಸಿದ ಚರ್ಮದ ಜೊತೆಗೇ ಹೋಗುತ್ತದೆ. ಆದರೆ ಬಲ ಪಕ್ಕೆಲುಬಿನ ಕೆಳಗೆ ಪಿತ್ತಕೋಶದ ಆಪರೇಷನ್‌ನ ಹಳೆಯ ಉದ್ದ ಗುರುತಿದ್ದರೆ ಪಕ್ಕದ ನಾಳಗಳೇ ಆಗಲೇ ತುಂಡಾಗಿರುತ್ತವೆ. ತೋರಿಸಿ ಕೇಳಿ.

ಶುಗರ್ ಇರುವವರು ಮೂರು ತಿಂಗಳ ಸರಾಸರಿ ಪರೀಕ್ಷೆ ಮಾಡಿಸಿ ಹತೋಟಿಗೆ ತರಬೇಕು. ಆಸ್ಪಿರಿನ್, ನೋವಿನ ಮಾತ್ರೆ, ಗರ್ಭನಿರೋಧಕ ಮಾತ್ರೆ, ಮನೆಮದ್ದು ಎಲ್ಲವನ್ನೂ ಬರೆದುಕೊಂಡು ಹೋಗಿ ತೋರಿಸಿ. ಹೃದಯದ ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ.

ಗಾಯದ ಗುರುತು ಒಂದು ಸೊಂಟದಿಂದ ಇನ್ನೊಂದಕ್ಕೆ ಇರುತ್ತದೆ. ಅದು ಪೂರ್ತಿ ಮಾಯವಾಗುವುದಿಲ್ಲ, ಮಾಸಲು ಒಂದು ವರ್ಷವಾದರೂ ಬೇಕು. ಸೀರೆ ಉಡುವವರು ಲಂಗದ ಲಾಡಿ ಎಲ್ಲಿ ಕಟ್ಟುತ್ತೀರೆಂದು ಸರ್ಜನ್ ಕತ್ತರಿಸುವ ಜಾಗಕ್ಕೆ ಗೆರೆ ಎಳೆಯುವಾಗಲೇ ಹೇಳಿ. ಗಾಯ ದಪ್ಪಗಾಗಿ ಉಬ್ಬುವ ಮೈಯಾದರೆ ಅದನ್ನೂ ತಿಳಿಸಿ.

ಮನೆಯ ತಯಾರಿಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮೊದಲ ವಾರ ಬಾಗಿಯೇ ನಡೆಯಬೇಕು. ಬೆನ್ನಿಗೆ ಎರಡು ದಿಂಬು, ಮೊಣಕಾಲಡಿ ಒಂದು ಇಟ್ಟು ಮಂಚದ ಮೇಲೆ ಮಲಗಿ, ನೆಲದ ಹಾಸಿಗೆ ಆಗದು. ಕಮೋಡ್ ಬೇಕೇ ಬೇಕು. ಡ್ರೈನ್ (ಒಳಗಿನ ದ್ರವವನ್ನು ಹೊರಗೆ ಬಾಟಲಿಗೆ ಬಿಡುವ ಕೊಳವೆ) ಇಟ್ಟಿದ್ದರೆ ಬಾಟಲಿಯಲ್ಲಿ ಬಂದದ್ದನ್ನು ದಿನಾ ಅಳೆದು ಬರೆದಿಡಿ. ಕೆಂಪಗಿದ್ದದ್ದು ದಿನ ಕಳೆದಂತೆ ತಿಳಿ ಹಳದಿಯಾಗಬೇಕು. 24 ಗಂಟೆಗೆ 30 ಮಿ.ಲೀ.ಗಿಂತ ಕಡಿಮೆಯಾದಾಗ ಸಾಮಾನ್ಯವಾಗಿ ತೆಗೆಯುತ್ತಾರೆ. ಆಮೇಲೆ ಹೊಟ್ಟೆಯಲ್ಲಿ ನೀರು ತುಳುಕಿದಂತೆ ಅನಿಸಿದರೆ ಒಳಗೆ ದ್ರವ ನಿಂತಿದೆ ಎಂದರ್ಥ, ಸಿರಿಂಜ್‌ನಿಂದ ತೆಗೆಸಬೇಕಾಗಬಹುದು. ಹೊಟ್ಟೆಗೆ ಕಟ್ಟುವ ಬೆಲ್ಟ್ ಸುಮಾರು ಆರು ವಾರ ಬೇಕು. ಅಷ್ಟು ದಿನ ತುಂಬಿದ ಬಿಂದಿಗೆಯನ್ನಾಗಲಿ, ಮಗುವನ್ನಾಗಲಿ ಎತ್ತುವಂತಿಲ್ಲ. ನೋವಿನ ಮಾತ್ರೆಯಿಂದ ಮಲಬದ್ಧತೆಯಾಗುತ್ತದೆ, ತಿಣುಕಿದರೆ ಒಳಹೊಲಿಗೆಗೆ ಪೆಟ್ಟು. ಮಲ ಸಡಿಲಗೊಳಿಸುವ ಔಷಧಿಯನ್ನು ಮೊದಲೇ ಬರೆಸಿಕೊಳ್ಳಿ.

ಡಾಕ್ಟರು ಹೇಳಿದ ಕೂಡಲೇ ಎದ್ದು ನಾಲ್ಕು ಹೆಜ್ಜೆ ಹಾಕಿ. ಕಾಲಿನಲ್ಲಿ ಕಟ್ಟಿದ ರಕ್ತದ ಗಡ್ಡೆ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಒಂದೇ ಮೀನಖಂಡ ಊದಿಕೊಂಡು ನೋಯುವುದು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು ಕಂಡರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಓಡಿ.

ಸರ್ಜನ್‌ಗೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ ಪದವಿ ಇದೆಯೇ, ಆಸ್ಪತ್ರೆಯಲ್ಲಿ ಐಸಿಯು ಇದೆಯೇ ಎಂದು ಸಂಕೋಚವಿಲ್ಲದೆ ಕೇಳಿ. ಅಂದಕ್ಕಾಗಿ ಮಾಡಿಸುವ ಆಪರೇಷನ್‌ಗೆ ಆರೋಗ್ಯ ವಿಮೆ ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ಹರ್ನಿಯಾ ರಿಪೇರಿಯೂ ಸೇರಿದ್ದರೆ ಅದರ ಬಿಲ್ ಬೇರೆ ಮಾಡಿಸಿ, ವಿಮೆಯವರ ಒಪ್ಪಿಗೆಯನ್ನು ದಾಖಲಾಗುವ ಮುಂಚೆಯೇ ಬರಹದಲ್ಲಿ ಪಡೆದುಕೊಳ್ಳಿ.