ಗೌರಮ್ಮನ ಜಾಡು: ಮಡಿಕೇರಿಯಿಂದ ಬ್ರಾಂಪ್ಟನ್‌ಗೆ

ಕೊಡಗಿನ ರಾಜಕುಮಾರಿ ಗೌರಮ್ಮನ ಸಮಾಧಿ ಇರುವುದು ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿ. ಆದರೂ ಆಕೆಯನ್ನು ಹುಡುಕಿ ಹೊರಟವರು ಮೊದಲು ಮಡಿಕೇರಿಯ ಗದ್ದಿಗೆಗೇ, ಅಂದರೆ ಕೊಡಗಿನ ರಾಜರ ಸಮಾಧಿಗಳಿಗೇ ಹೋಗಬೇಕು. ಅಲ್ಲಿರುವ ಲಿಂಗರಾಜೇಂದ್ರ ಆಕೆಯ ಅಜ್ಜ. ನಡುವಿನ ಗದ್ದಿಗೆ ಅಜ್ಜನ ಅಣ್ಣ ದೊಡ್ಡವೀರರಾಜೇಂದ್ರನದು. ಗೌರಮ್ಮನ ತಂದೆ ಚಿಕ್ಕವೀರರಾಜೇಂದ್ರ. ಹಳೆಯ ಕಾಗದಗಳಲ್ಲಿ ಬರೀ ‘ವೀರರಾಜ’ ಎಂದು ಕಂಡರೆ ಇಸವಿ ನೋಡಿ: 1809ಕ್ಕೆ ಮುಂಚಿನದಾದರೆ ದೊಡ್ಡವೀರ, 1820ರಿಂದ ಈಚಿನದಾದರೆ ಚಿಕ್ಕವೀರ. ಇಲ್ಲಿ ಎಡವಿದರೆ ವಂಶಾವಳಿಯೇ ಒಂದು ತಲೆಮಾರು ತಪ್ಪುತ್ತದೆ.

ಮುಂದಿನದು ಕಕ್ಕಬ್ಬೆ ಬಳಿಯ ನಾಲ್ಕುನಾಡು ಅರಮನೆ. 1834ರಲ್ಲಿ ಕಂಪನಿಯ ಸೈನ್ಯ ಬಂದಾಗ ದೊರೆ ಚಿಕ್ಕವೀರ ಸೇರಿಕೊಂಡದ್ದು ಇಲ್ಲಿಗೆ. ಪದಚ್ಯುತನಾದ ಮೇಲೆ ಅವನನ್ನು ಕಾಶಿಗೆ ಕಳಿಸಿದರು; ಗೌರಮ್ಮ ಹುಟ್ಟಿದ್ದು ಅಲ್ಲಿ, 1841ರಲ್ಲಿ. ಆದ್ದರಿಂದ ಆಕೆಯ ಜನನದ ದಾಖಲೆಯನ್ನು ಕೊಡಗಿನಲ್ಲಿ ಹುಡುಕಿ ಫಲವಿಲ್ಲ.

1852ರಲ್ಲಿ ತಂದೆಯೊಡನೆ ಇಂಗ್ಲೆಂಡಿಗೆ ಹೋದ ಹುಡುಗಿಗೆ ಅದೇ ವರ್ಷ ಕ್ರೈಸ್ತ ದೀಕ್ಷಾಸ್ನಾನವಾಯಿತು. ಧರ್ಮಮಾತೆ ಸ್ವತಃ ವಿಕ್ಟೋರಿಯಾ ರಾಣಿ, ಹೆಸರು ವಿಕ್ಟೋರಿಯಾ ಗೌರಮ್ಮ. ಲಂಡನ್ನಿನ ಸೇಂಟ್ ಪ್ಯಾಂಕ್ರಸ್‌ನ ಬ್ರಿಟಿಷ್ ಲೈಬ್ರರಿಯಲ್ಲಿ ಇಂಡಿಯಾ ಆಫೀಸ್ (ಭಾರತದ ಆಡಳಿತ ನೋಡುತ್ತಿದ್ದ ಬ್ರಿಟಿಷ್ ಇಲಾಖೆ) ಕಡತಗಳಿವೆ. ಓದುಗರ ಪಾಸಿಗೆ ಗುರುತಿನ ಚೀಟಿಯ ಜೊತೆ ವಿಳಾಸದ ಪುರಾವೆಯನ್ನೂ ಒಯ್ಯಿರಿ. ಸೂಚಿಯಲ್ಲಿ ‘ಗೌರಮ್ಮ’ ಸಿಗದಿದ್ದರೆ ‘ಕೂರ್ಗ್‌ನ ಮಾಜಿ ರಾಜಾ’ ಎಂದು ನೋಡಿ. ಮಗಳ ಸಂಗತಿ ಅಪ್ಪನ ಕಡತದೊಳಗೆ ಅಡಗಿರುತ್ತದೆ. ಇಂಗ್ಲಿಷಿನಲ್ಲಿ ‘ಗೌ’ ಅಕ್ಷರವನ್ನೇ ಮೂರು ಬಗೆಯಲ್ಲಿ (Gou, Gow, Gau) ಬರೆದಿದ್ದಾರೆ, ಮೂರನ್ನೂ ಹಾಕಿ ನೋಡಬೇಕು.

ಹೆಚ್ಚು ತೊಡಕಿರುವುದು ಮದುವೆಯ ದಾಖಲೆಯಲ್ಲಿ. 1860ರಲ್ಲಿ ಆಕೆ ಕರ್ನಲ್ ಜಾನ್ ಕ್ಯಾಂಬೆಲ್‌ನನ್ನು ಮದುವೆಯಾದಳು. ಕ್ಯಾಂಬೆಲ್‌ಗಳೋ ಲೆಕ್ಕವಿಲ್ಲದಷ್ಟು. ಇಂಗ್ಲೆಂಡಿನ ವಿವಾಹ ಸೂಚಿಯಲ್ಲಿ ಸಂಗಾತಿಯ ಮನೆತನದ ಹೆಸರು ಕಾಣಿಸುವುದು 1912ರಿಂದ ಈಚೆಗಷ್ಟೇ. ಅದಕ್ಕೆ ಇಬ್ಬರ ಹೆಸರನ್ನೂ ಬೇರೆಬೇರೆಯಾಗಿ ತೆಗೆದು, ಸಂಪುಟ ಮತ್ತು ಪುಟದ ಸಂಖ್ಯೆ ತಾಳೆಯಾದ ಮೇಲೆಯೇ ಪ್ರಮಾಣಪತ್ರಕ್ಕೆ ಹಣ ಕಟ್ಟಿ. ಸಾವಿನ ಸೂಚಿಯಲ್ಲೂ ಎಚ್ಚರ: ಆಕೆ ತೀರಿಕೊಂಡದ್ದು 1864ರ ಮಾರ್ಚ್–ಏಪ್ರಿಲ್ ಸಂಧಿಯಲ್ಲಿ, ಇನ್ನೂ 22 ವರ್ಷ. ಸೂಚಿ ಮೂರು ತಿಂಗಳಿಗೊಂದರಂತೆ, ಅದೂ ನೋಂದಣಿಯಾದ ದಿನದ ಪ್ರಕಾರ. ಆದ್ದರಿಂದ ಮೊದಲೆರಡು ಕಂತುಗಳನ್ನೂ ನೋಡಬೇಕು.

ವೆಸ್ಟ್ ಬ್ರಾಂಪ್ಟನ್ ನಿಲ್ದಾಣದಲ್ಲಿ ಇಳಿದರೆ ಸ್ಮಶಾನದ ಉತ್ತರ ದ್ವಾರ ನಡೆದುಹೋಗುವಷ್ಟು ಹತ್ತಿರ. 39 ಎಕರೆ, 2 ಲಕ್ಷಕ್ಕೂ ಮೀರಿದ ಹೂಳುವಿಕೆಗಳು. ಸಮಾಧಿಯ ಜಾಗವನ್ನು ಮೊದಲೇ ಕೇಳಿಕೊಳ್ಳದೆ ಹೋದರೆ ದಿನವಿಡೀ ಅಲೆಯಬೇಕಾದೀತು. ಅಲ್ಲಿಯೂ ‘ಕ್ಯಾಂಬೆಲ್’ ಎಂದೇ ಕೇಳಿ. ಕಲ್ಲಿನ ಮುಂದೆ ನಿಂತಾಗ ಮಾತ್ರ ಆಕೆಯನ್ನು ಗೌರಮ್ಮ ಎಂದು ಓದಬಹುದು.