ಪೊರ್ಕಿ ಪ್ಲೇಟುಗಳು: ಡೊಂಬಿವಲಿಯ ಐದು ತಿಂಗಳ ಲೆಕ್ಕ

ಜೂನ್, ಮೊದಲ ವಾರ

ಮಳೆ ಇನ್ನೂ ಬಂದಿಲ್ಲ. ಕಪಾಟಿಗೆ ಮಾತ್ರ ಬೂಷ್ಟು ಆಗಲೇ ಬಂದಿದೆ. ಮುಂಬಯಿ ಕಡೆ ರೆಕಾರ್ಡ್ ಇಟ್ಟುಕೊಂಡವರಿಗೆ ಇದು ಗೊತ್ತಿರುವ ಸಂಕಟ. ಉಪ್ಪಿನಕಾಯಿ ಜಾಡಿ ಕಾಪಾಡಿದ ಹಾಗೆ ಕಾಪಾಡಬೇಕು.

ಈ ವರ್ಷ ಒಂದು ಕೆಲಸ ಮುಗಿಸಬೇಕು ಅಂತ ಕೂತಿದ್ದೇನೆ. ನನ್ನ ಹತ್ತಿರ ಪಂಕ್ ಪ್ಲೇಟುಗಳಿವೆ, ಅಂದರೆ ಎಪ್ಪತ್ತರ ದಶಕದ ಒರಟು, ವೇಗದ ರಾಕ್ ಸಂಗೀತದ ರೆಕಾರ್ಡುಗಳು. ಅವುಗಳಿಂದ ಕವರ್ ಹಾಡುಗಳನ್ನು, ಅಂದರೆ ಬೇರೆಯವರ ಹಾಡನ್ನು ತಮ್ಮ ರೀತಿಯಲ್ಲಿ ಮತ್ತೆ ಹಾಡಿದ್ದನ್ನು, ಆರಿಸಬೇಕು. ಮೂಲ ಹಾಡು ಒಂದು, ಅದರ ಬೆನ್ನಿಗೇ ಪಂಕ್ ಕವರ್ ಒಂದು, ಹೀಗೆ ಹನ್ನೆರಡು ಜೋಡಿ. ಎಲ್ಲವನ್ನೂ ತೊಳೆದು, ಕಂಪ್ಯೂಟರಿಗೆ ಇಳಿಸಿ, ಒಂದು ಸಂಜೆ ಮನೆಯಲ್ಲಿ ಹತ್ತು ಜನಕ್ಕೆ ಕೇಳಿಸಬೇಕು. ಮೂಲ ಹಾಡುಗಳು ಫೋನಿನಲ್ಲೇ ಸಿಗುತ್ತವೆ. ಕವರ್ ಮಾತ್ರ ಪ್ಲೇಟಿನಿಂದಲೇ. ಪ್ಲೇಟು ಯಾರಿಗೂ ಒಯ್ಯಲು ಕೊಡುವುದಿಲ್ಲ, ಬೇಕಾದಷ್ಟು ಸಲ ಕೇಳಿಸುತ್ತೇನೆ. ಇದು ನನ್ನ ಹಳೇ ಕಾನೂನು.

ಕವರ್ ಹಾಡೇ ಯಾಕೆ ಅಂದರೆ, ನಮ್ಮವರಿಗೆ ಪಂಕ್ ಕೇಳಿಸಿದಾಗಲೆಲ್ಲ ಒಂದೇ ಮಾತು: 'ಎಂಥದು ಮಾರಾಯ ಈ ಕಿರುಚಾಟ!' ಗೊತ್ತಿರುವ ಧಾಟಿಯಾದರೆ ಕಿವಿಗೆ ಹಿಡಿದುಕೊಳ್ಳಲು ಏನೋ ಸಿಗುತ್ತದೆ. ಏನು ಕಿತ್ತು ಬಿಸಾಕಿದರು, ಏನು ಉಳಿಸಿಕೊಂಡರು ಅಂತ ತಾನಾಗಿ ತಿಳಿಯುತ್ತದೆ.

ಜೂನ್, ಮೂರನೇ ವಾರ

ಶುಕ್ರವಾರ ರಜೆ ಹಾಕಿ ಚೋರ್ ಬಜಾರಿಗೆ ಹೋಗಿದ್ದೆ. ಸ್ಯಾಂಡ್‌ಹರ್ಸ್ಟ್ ರೋಡಿನಲ್ಲಿ ಇಳಿದು ಮಟನ್ ಸ್ಟ್ರೀಟಿನವರೆಗೆ ನಡಿಗೆ. ಕಾಲಾ ಘೋಡಾದ ರೆಕಾರ್ಡ್ ಅಂಗಡಿ ರಿದಮ್ ಹೌಸ್ 2016ರಲ್ಲಿ ಮುಚ್ಚಿದ ಮೇಲೆ ನನ್ನ ಕಾಲು ತಾನಾಗಿ ಈ ಕಡೆಗೇ ಎಳೆಯುತ್ತದೆ. ಇಲ್ಲಿ ಪಂಕ್ ಹುಡುಕುವುದು ಅಂದರೆ ಸಗಣಿಯಲ್ಲಿ ಸೂಜಿ ಹುಡುಕಿದ ಹಾಗೆ. ರಾಶಿಯೆಲ್ಲ ಹಿಂದಿ ಸಿನಿಮಾ. ಯಾರೋ ಹಡಗಿನವರು, ಯಾರೋ ಲಂಡನ್ನಿಗೆ ಹೋಗಿ ಬಂದವರು ಪೆಟ್ಟಿಗೆಯಲ್ಲಿ ತಂದದ್ದು ಅಪರೂಪಕ್ಕೆ ರದ್ದಿಗೆ ಬಿದ್ದಿರುತ್ತದೆ.

ಈ ಸಲ ಬಿದ್ದಿತ್ತು! ಏಳು ಇಂಚಿನ ಒಂದು ಪ್ಲೇಟು, ಚಹಾದ ಬಣ್ಣ. ಬೆರಳಿಗೆ ಉಗುಳು ಹಚ್ಚಿ ಒರೆಸಿದೆ (ಮಾಡಬಾರದು, ಮಾಡಿದೆ). ಒಳಗೆ ಹಾಲಿನಂಥ ಬಿಳಿ. ಅಮೆರಿಕದ ದಿ ಡಿಕೀಸ್ ಬ್ಯಾಂಡ್ 1979ರಲ್ಲಿ ಮಾಡಿದ 'ನೈಟ್ಸ್ ಇನ್ ವೈಟ್ ಸ್ಯಾಟಿನ್', ಹೆಸರಿಗೆ ತಕ್ಕ ಬಿಳಿ ಪ್ಲೇಟು. ಮೂಲ ಹಾಡು ಮೂಡಿ ಬ್ಲೂಸ್ ಅವರದು, 1967. ಆಲ್ಬಮ್ಮಿನಲ್ಲಿ ಏಳು ನಿಮಿಷಕ್ಕೂ ಜಾಸ್ತಿ, ಆರ್ಕೆಸ್ಟ್ರಾ ಬೇರೆ. ಡಿಕೀಸ್ ಮೂರು ನಿಮಿಷದೊಳಗೆ ಮುಗಿಸಿ ಮನೆಗೆ ಹೋಗುತ್ತಾರೆ. ಅಂಗಡಿಯವನು ಬಿಳಿ ಬಣ್ಣ ನೋಡಿ 'ಡೂಪ್ಲಿಕೇಟ್ ಹೈ' ಅಂತ ತಾನೇ ರೇಟು ಇಳಿಸಿದ. ನಾನು ಬಾಯಿ ಮುಚ್ಚಿಕೊಂಡೆ.

ಅದೇ ರಾಶಿಯಲ್ಲಿ 'ಆಪರೇಷನ್ ಡೈಮಂಡ್ ರಾಕೆಟ್' ಸಿನಿಮಾದ ಪ್ಲೇಟೂ ಸಿಕ್ಕಿತು. ಅಣ್ಣಾವ್ರು ಇಂಗ್ಲಿಷಿನಲ್ಲಿ 'ಇಫ್ ಯು ಕಮ್ ಟುಡೇ' ಹಾಡಿದ್ದು, ಜಿ.ಕೆ. ವೆಂಕಟೇಶ್ ಸಂಗೀತ, 1978. ಈ ಯೋಜನೆಗೂ ಅದಕ್ಕೂ ಸಂಬಂಧವಿಲ್ಲ. ಬಿಟ್ಟು ಬರಲು ಆಗುತ್ತಾ, ಹೇಳಿ?

ಜುಲೈ

ತೊಳೆಯುವ ತಿಂಗಳು. ಡಿಸ್ಟಿಲ್ಡ್ ವಾಟರ್ ನಾಲ್ಕು ಪಾಲು, ಐಸೊಪ್ರೊಪೈಲ್ ಆಲ್ಕೋಹಾಲ್ ಒಂದು ಪಾಲು, ಪಾತ್ರೆ ತೊಳೆಯುವ ಸೋಪು ಒಂದೇ ಹನಿ. ಮೆತ್ತನೆಯ ಬ್ರಷ್ಷಿನಲ್ಲಿ ಗೆರೆಯ ಉದ್ದಕ್ಕೇ ತಿರುಗಿಸಬೇಕು, ಅಡ್ಡ ಉಜ್ಜಬಾರದು. ಆಮೇಲೆ ಬರೀ ಡಿಸ್ಟಿಲ್ಡ್ ವಾಟರಿನಲ್ಲಿ ಇನ್ನೊಂದು ಸಲ. ನಲ್ಲಿ ನೀರು ಬೇಡ, ಒಣಗಿದ ಮೇಲೆ ಉಪ್ಪಿನ ಕಲೆ ಉಳಿಯುತ್ತದೆ. ಒಂದು ಎಚ್ಚರಿಕೆ: ಅಜ್ಜನ ಕಾಲದ 78 ಆರ್‌ಪಿಎಂ ಅರಗಿನ ಪ್ಲೇಟುಗಳಿಗೆ ಆಲ್ಕೋಹಾಲ್ ಮುಟ್ಟಿಸಬೇಡಿ. ಅರಗು ಕರಗುತ್ತದೆ.

ನಡುವಿನ ಲೇಬಲ್ ನೆನೆಯದ ಹಾಗೆ ಎರಡು ಡಬ್ಬದ ಮುಚ್ಚಳಕ್ಕೆ ರಬ್ಬರ್ ಅಂಟಿಸಿ ಎರಡೂ ಕಡೆ ಒತ್ತಿ ಹಿಡಿದೆ. ಒಣಗಿಸಲು ಅಡುಗೆಮನೆಯ ತಟ್ಟೆ ಸ್ಟ್ಯಾಂಡು. 'ಊಟದ ತಟ್ಟೆ ಎಲ್ಲಿಡಲಿ?' ಅಂತ ಹೆಂಡತಿ ಕೇಳಿದಳು. ಎರಡು ವಾರ ಕೇಳಿದಳು. ಆಮೇಲೆ ಹೊಸ ಸ್ಟ್ಯಾಂಡು ತಂದೆ.

ತೊಳೆಯುವಾಗ ಒಂದು ಮಜಾ ಕಣ್ಣಿಗೆ ಬಿತ್ತು. ಹಾಡಿನ ಕೊನೇ ಗೆರೆಗೂ ಲೇಬಲ್ಲಿಗೂ ನಡುವೆ ಕನ್ನಡಿಯಂಥ ಖಾಲಿ ಪಟ್ಟಿ ಇರುತ್ತದಲ್ಲ, ಅಲ್ಲಿ ಕೈಯಲ್ಲಿ ಗೀಚಿದ ಅಕ್ಷರ: 'ಎ ಪೋರ್ಕಿ ಪ್ರೈಮ್ ಕಟ್'. ಜಾರ್ಜ್ ಪೆಕಮ್ ಅಂತ ಒಬ್ಬ ಬ್ರಿಟಿಷ್ ಕಟಿಂಗ್ ಇಂಜಿನಿಯರ್. ಮಾಸ್ಟರ್ ಪ್ಲೇಟಿಗೆ ಗೆರೆ ಕೊರೆಯುವುದು ಅವನ ಕೆಲಸ. ಪೋರ್ಕಿ ಅವನ ಅಡ್ಡಹೆಸರು, ಈ ಗೀಚು ಅವನ ರುಜು. ನನಗೆ ಮಾತ್ರ ಪೋರ್ಕಿ ಅಂದರೆ ನಮ್ಮ ಪೊರ್ಕಿಯೇ. ಪಂಕ್ ಅಂದರೂ ಇಂಗ್ಲಿಷಿನಲ್ಲಿ ಪುಂಡ, ಪೋಲಿ ಅಂತಲೇ ಅಲ್ವಾ? ಅಂದಿನಿಂದ ಈ ರಾಶಿಗೆ ಮನೆಯಲ್ಲಿ ಪೊರ್ಕಿ ಪ್ಲೇಟು ಅಂತಲೇ ಹೆಸರು. (ದರ್ಶನ್ ಅವರ 'ಪೊರ್ಕಿ' ಕೂಡ ಕವರ್ರೇ. 2006ರ ತೆಲುಗಿನ 'ಪೋಕಿರಿ', ತಮಿಳು ಹಿಂದಿ ಸುತ್ತಿ 2010ರಲ್ಲಿ ನಮ್ಮಲ್ಲಿಗೆ ಬಂತು.)

ಆಗಸ್ಟ್

ಪೆಟ್ಟಿಗೆ ಬಂತು. ಎರಡು ವರ್ಷ ಹುಡುಕಿ ಇಂಗ್ಲೆಂಡಿನ ಒಬ್ಬ ಮಾರಾಟಗಾರನಿಂದ ತರಿಸಿದ್ದು: ಏಲಿಯನ್ ಕಲ್ಚರ್ ಬ್ಯಾಂಡಿನ 'ಏಷ್ಯನ್ ಯೂತ್', 1980. ಕವರ್ ಹಾಡಲ್ಲ, ಪಟ್ಟಿಗೆ ಸೇರುವುದೂ ಇಲ್ಲ. ಆದರೆ ನನ್ನ ಹತ್ತಿರ ಇರುವುದರಲ್ಲಿ ಇದೇ ಅಪರೂಪದ್ದು. ಲಂಡನ್ನಿನಲ್ಲಿ ಬೆಳೆದ ಮೂರು ಪಾಕಿಸ್ತಾನಿ ಮನೆಯ ಹುಡುಗರು, ಜೊತೆಗೊಬ್ಬ ಬಿಳಿಯ. ಬೇರೆ ಸಂಸ್ಕೃತಿಯ ಜನ ತುಂಬಿಕೊಂಡುಬಿಡುತ್ತಾರೆ ಎಂದು ಬ್ರಿಟನ್ನಿನವರಿಗೆ ಭಯವಿದೆ ಅಂತ ಮಾರ್ಗರೆಟ್ ಥ್ಯಾಚರ್ 1978ರಲ್ಲಿ ಟೀವಿಯಲ್ಲಿ ಮಾತಾಡಿದ್ದರು. ಆ ಮಾತನ್ನೇ ತಿರುಗಿಸಿ ಬ್ಯಾಂಡಿಗೆ ಹೆಸರಿಟ್ಟರು. ತಂದದ್ದು ಈ ಒಂದೇ ಸಿಂಗಲ್ (ಒಂದೆರಡು ಹಾಡಿನ ಸಣ್ಣ ಪ್ಲೇಟು).

ಪೆಟ್ಟಿಗೆಯ ಮೂಲೆ ಜಜ್ಜಿತ್ತು. ಕಸ್ಟಮ್ಸ್ ಸುಂಕ ಕಟ್ಟಿದ ನೋವು ಒಂದು ಕಡೆ. ತೆಗೆದು ನೋಡಿದರೆ ಪ್ಲೇಟು ಹಪ್ಪಳದ ಹಾಗೆ ಡೊಂಕು. ದಾರಿಯಲ್ಲಿ ಎಲ್ಲೋ ಬಿಸಿಲಿಗೆ ಇಟ್ಟಿದ್ದಾರೆ. ಯಾರನ್ನು ಬೈಯುವುದು? ಮುಳ್ಳು ಇಟ್ಟರೆ ಹಾಡು ಶುರುವಾಗಿ ಮೂರು ಸುತ್ತಿಗೆ ಹಾರಿ ಹೋಗುತ್ತದೆ. ಎರಡು ಗಾಜಿನ ನಡುವೆ ಇಟ್ಟು ಮೇಲೆ ರುಬ್ಬುವ ಕಲ್ಲು ಹೇರಿದ್ದೇನೆ.

ಪಂಕ್ ಪ್ಲೇಟು ಯಾಕೆ ಇಷ್ಟು ಅಪರೂಪ ಅಂತ ಆಗಾಗ ಕೇಳುತ್ತಾರೆ. ಎಷ್ಟೋ ಪ್ಲೇಟುಗಳನ್ನು ಹುಡುಗರು ಸಾಲ ಮಾಡಿ ತಾವೇ ಒತ್ತಿಸಿದ್ದರು, ಅಷ್ಟೇ. ಮ್ಯಾಂಚೆಸ್ಟರಿನ ಬಜ್‌ಕಾಕ್ಸ್ 1977ರ ಜನವರಿಯಲ್ಲಿ 500 ಪೌಂಡು ಕೈಗಡ ತಂದು ಮೊದಲು 1,000 ಪ್ಲೇಟು ಮಾಡಿಸಿದರು. ಉಲ್ಟಾ ಕಥೆಯೂ ಇದೆ. ಅದೇ ವರ್ಷ ಮಾರ್ಚಿನಲ್ಲಿ ಎ ಅಂಡ್ ಎಂ ರೆಕಾರ್ಡ್ ಕಂಪನಿ ಪಂಕ್ ಬ್ಯಾಂಡು ಸೆಕ್ಸ್ ಪಿಸ್ಟಲ್ಸ್‌ಗೆ ಸಹಿ ಹಾಕಿಸಿ ಆರೇ ದಿನಕ್ಕೆ ಹೊರಹಾಕಿತು. ಒತ್ತಿದ್ದ ಸುಮಾರು 25,000 'ಗಾಡ್ ಸೇವ್ ದಿ ಕ್ವೀನ್' ಪ್ಲೇಟುಗಳನ್ನು ನಾಶ ಮಾಡಿಸಿತು. ತಪ್ಪಿಸಿಕೊಂಡ ಕೆಲವಕ್ಕೆ ಈಗ ಸಾವಿರಾರು ಪೌಂಡು. ನನ್ನ ಹತ್ತಿರ ಇಲ್ಲ. ಇದ್ದಿದ್ದರೆ ಡೊಂಬಿವಲಿ ಲೋಕಲ್ಲಿನಲ್ಲಿ ನೇತಾಡುತ್ತಿರಲಿಲ್ಲ.

ಸೆಪ್ಟೆಂಬರ್

ಇಳಿಸುವ ಕೆಲಸ ಅರ್ಧ ಆಯಿತು. ಆಡಾಸಿಟಿ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ 24 ಬಿಟ್, 96 ಕಿಲೋಹರ್ಟ್ಸ್. ಚಟಪಟ ಸದ್ದನ್ನು ಕಂಪ್ಯೂಟರಿಗೇ ತೆಗೆಯಲು ಬಿಟ್ಟರೆ ಪಂಕ್ ಡ್ರಮ್ಮಿನ ಏಟನ್ನೂ ಗೀರು ಅಂದುಕೊಂಡು ಒರೆಸಿಬಿಡುತ್ತದೆ. ಒಂದೊಂದೇ ಕೈಯಲ್ಲಿ ತೆಗೆಯಬೇಕು. ಮೂರು ನಿಮಿಷದ ಹಾಡಿಗೆ ಎರಡು ಗಂಟೆ.

ಜೋಡಿಗಳ ಬಗ್ಗೆ ಜಗಳ ನನಗೂ ನನಗೂ ನಡೆದಿದೆ. ಡ್ಯಾಮ್ಡ್ ಬ್ಯಾಂಡ್ ಮಾಡಿದ 'ಹೆಲ್ಪ್!' ಇರಲೇಬೇಕು. 1976ರ ಅಕ್ಟೋಬರಿನಲ್ಲಿ ಬಂದ 'ನ್ಯೂ ರೋಸ್', ಬ್ರಿಟಿಷ್ ಪಂಕಿನ ಮೊದಲ ಸಿಂಗಲ್, ಆ ಪ್ಲೇಟಿನ ಹಿಂಬದಿಯಲ್ಲಿದೆ ಇದು. ಎರಡು ನಿಮಿಷವೂ ಇಲ್ಲ. ಮೂಲ ಹಾಡು ಬೀಟಲ್ಸ್ ಅವರದು. ವೇಗ ಮಾಡಿ ಕೆಡಿಸಿದೆವು ಅಂತ ಅವರ ಜಾನ್ ಲೆನನ್ನೇ ಆಮೇಲೆ ಕೊರಗಿದ್ದ. ಇವರು ಅದನ್ನು ಓಟಕ್ಕೇ ಹಚ್ಚಿದರು. ಕೇಳಿದರೆ ನಿಜವಾಗಿ ಯಾರೋ ಬಾವಿಗೆ ಬಿದ್ದು ಕೂಗಿದ ಹಾಗಿದೆ.

'ಐ ಫಾಟ್ ದಿ ಲಾ' ಎಲ್ಲರಿಗೂ ಲಂಡನ್ನಿನ ಪಂಕ್ ಬ್ಯಾಂಡು ಕ್ಲ್ಯಾಶ್‌ನ ಹಾಡು ಅಂತಲೇ ಗೊತ್ತು. ಬರೆದವನು ಸನಿ ಕರ್ಟಿಸ್, 1960ರಲ್ಲಿ ಕ್ರಿಕೆಟ್ಸ್ ಬ್ಯಾಂಡಿನ ಆಲ್ಬಮ್ಮಿನಲ್ಲಿ ಬಂತು, ಅದಕ್ಕೆ ಹೆಸರು ತಂದದ್ದು ಬಾಬಿ ಫುಲ್ಲರ್ ಫೋರ್ ಬ್ಯಾಂಡಿನ ಕವರ್. ಸ್ಯಾನ್ ಫ್ರಾನ್ಸಿಸ್ಕೋದ ಸ್ಟುಡಿಯೋದ ಜೂಕ್‌ಬಾಕ್ಸಿನಲ್ಲಿ ಅದನ್ನು ಕೇಳಿದ ಕ್ಲ್ಯಾಶ್ 1979ರಲ್ಲಿ ತಮ್ಮದು ಮಾಡಿಕೊಂಡರು. ಕವರಿನ ಕವರು.

ಸೆಕ್ಸ್ ಪಿಸ್ಟಲ್ಸ್ ಬ್ಯಾಂಡಿನ ಸಿಡ್ ವಿಶಸ್‌ನ 'ಮೈ ವೇ' ಕೈಬಿಟ್ಟೆ. ಎಲ್ಲರೂ ಅದನ್ನೇ ಹೇಳುತ್ತಾರೆ. ಮೊದಲ ಸಲ ನಗು ಬರುತ್ತದೆ, ಮೂರನೇ ಸಲ ಬೋರು.

ಅಕ್ಟೋಬರ್

ಕಲ್ಲು ಹೇರಿ ಎರಡು ತಿಂಗಳು. ಏಲಿಯನ್ ಕಲ್ಚರ್ ಡೊಂಕು ಒಂದು ಕೂದಲೂ ಇಳಿದಿಲ್ಲ. ಬರೀ ಭಾರಕ್ಕೆ ವಿನೈಲ್ ಬಗ್ಗುವುದಿಲ್ಲ, ಸ್ವಲ್ಪ ಕಾವು ಬೇಕು. ಇಲ್ಲಿ ಮಳೆ ಬಿಟ್ಟ ಕೂಡಲೇ ಅಕ್ಟೋಬರ್ ಹೀಟ್ ಅಂತ ಒಂದು ಶನಿ ಬರುತ್ತದಲ್ಲ, ಅದನ್ನೇ ಬಳಸಿದೆ. ಗಾಜಿನ ಸಮೇತ ಟೆರೇಸಿಗೆ ಒಯ್ದು ಮಧ್ಯಾಹ್ನದ ಬಿಸಿಲಲ್ಲಿ ಇಟ್ಟೆ. ಪಕ್ಕದಲ್ಲೇ ಕೊಡೆ ಹಿಡಿದು ಕೂತೆ. ಹಪ್ಪಳ ಕಾಯುವ ಅಜ್ಜಿಯ ಹಾಗೆ! ಇಪ್ಪತ್ತು ನಿಮಿಷ. ಆಮೇಲೆ ಕಲ್ಲಿನಡಿ ಇಟ್ಟು ರಾತ್ರಿಯಿಡೀ ತಣಿಸಿದೆ. ಮುಕ್ಕಾಲು ಪಾಲು ನೆಟ್ಟಗಾಗಿದೆ. ಮುಳ್ಳಿನ ಭಾರ ಎರಡು ಗ್ರಾಂನಿಂದ ಎರಡೂವರೆಗೆ ಏರಿಸಿದೆ. ಹಾಡು ಪೂರ್ತಿ ಓಡಿತು. ನೀವು ಇದನ್ನು ಮಾಡಿ ಪ್ಲೇಟು ಕಳೆದುಕೊಂಡರೆ ನನ್ನನ್ನು ಬೈಯಬೇಡಿ.

ನವೆಂಬರ್, ದೀಪಾವಳಿ ಗದ್ದಲ ಮುಗಿದ ಮೇಲೆ

ಸಂಜೆ ಆಯಿತು. ಹತ್ತು ಜನ ಅಂದುಕೊಂಡಿದ್ದೆ, ಹದಿನಾಲ್ಕು ಬಂದರು. ಜೋಡಿ ಹನ್ನೆರಡು ಆಗಲಿಲ್ಲ, ಒಂಬತ್ತಕ್ಕೆ ನಿಂತಿತು. ಸ್ಲಿಟ್ಸ್ ಹುಡುಗಿಯರು 1979ರಲ್ಲಿ ಮಾಡಿದ 'ಗ್ರೇಪ್‌ವೈನ್' ಪ್ಲೇಟು ಇನ್ನೂ ಸಿಕ್ಕಿಲ್ಲ. ಇನ್ನೆರಡಕ್ಕೆ ಬೂಷ್ಟು ಗೆದ್ದಿತು.

ಜೂನಿಯರ್ ಮರ್ವಿನ್‌ನ 'ಪೊಲೀಸ್ ಅಂಡ್ ಥೀವ್ಸ್' ಮೊದಲು ಹಾಕಿದೆ. ಜಮೈಕಾದ 1976ರ ಹಾಡು, ಲೀ ಪೆರ್ರಿ ಮಾಡಿಸಿದ್ದು. ತೆಳ್ಳನೆಯ ದನಿ, ನೀರಿನಲ್ಲಿ ಹೋದ ಹಾಗೆ ಹೋಗುತ್ತದೆ. ಅದರ ಬೆನ್ನಿಗೆ ಕ್ಲ್ಯಾಶ್, 1977. ಗಿಟಾರ್ ಒಂದು ಕಡೆಯಿಂದ ಕಡಿಯುತ್ತದೆ. ಅದೇ ಪೆರ್ರಿ ಆಮೇಲೆ ಕ್ಲ್ಯಾಶ್‌ಗೂ ಒಂದು ಹಾಡು ಮಾಡಿಸಿದ ಅಂತ ಹೇಳುತ್ತಿದ್ದೆ. ಶೆಟ್ರು ತಡೆದರು. ಹುಡುಗನಿದ್ದಾಗ ಫೋರ್ಟ್‌ನ ಹೋಟೆಲಿನಲ್ಲಿ ದುಡಿಯುತ್ತ ಕನ್ನಡ ರಾತ್ರಿ ಶಾಲೆಯಲ್ಲಿ ಓದಿದವರು, ಈಗ ತಮ್ಮದೇ ಹೋಟೆಲು.

'ನೀನು ಇಷ್ಟು ಉದ್ದ ಯಾಕೆ ವಿವರಿಸುತ್ತಿ? ಯಕ್ಷಗಾನದ ಹಾಗೇ ಇದು, ಪ್ರಸಂಗ ಒಂದೇ, ಮೇಳ ಬೇರೆ. ತೆಂಕಿನವರು ಒಂದು ರೀತಿ ಕುಣಿಯುತ್ತಾರೆ, ಬಡಗಿನವರು ಒಂದು ರೀತಿ. ಕಥೆ ಗೊತ್ತಿದ್ದೇ ಅಲ್ವಾ ನಾವು ರಾತ್ರಿಯಿಡೀ ಕೂರೋದು?'

ಐದು ತಿಂಗಳು ನಾನು ಬರೆದಿಟ್ಟ ಮೂರು ಪುಟದ ಪೀಠಿಕೆ ಅಲ್ಲಿಗೆ ಮುಗಿಯಿತು. ಆಮೇಲೆ ಹೆಸರು, ವರ್ಷ ಅಷ್ಟೇ ಹೇಳಿ ಮುಳ್ಳು ಇಟ್ಟೆ. 'ಭಾಗ್ಯದ ಲಕ್ಷ್ಮಿ ಬಾರಮ್ಮ'ವನ್ನು ನಮ್ಮಮ್ಮ ಹಾಡಿದ್ದಕ್ಕೂ ಭೀಮಸೇನ ಜೋಶಿ ಹಾಡಿದ್ದಕ್ಕೂ ಎಷ್ಟು ದೂರ ಅಂತ ಇನ್ನೊಬ್ಬರು ಶುರು ಮಾಡಿದರು. ಚಹಾ ಬಂತು.

ಎಲ್ಲರನ್ನೂ ಸುಮ್ಮನಾಗಿಸಿದ್ದು 'ಜಾನಿ ವಾಸ್'. ಬಾಬ್ ಮಾರ್ಲಿಯ 1976ರ ಹಾಡು. ಗುಂಡಿಗೆ ಬಲಿಯಾದ ಮಗನಿಗಾಗಿ ತಾಯಿ ಅಳುವುದು. ಬೆಲ್‌ಫಾಸ್ಟಿನ ಸ್ಟಿಫ್ ಲಿಟಲ್ ಫಿಂಗರ್ಸ್ ಅದನ್ನು 1979ರಲ್ಲಿ ತಮ್ಮ ಊರಿಗೆ ಎಳೆದು ತಂದರು. ಬೆಲ್‌ಫಾಸ್ಟಿನ ಬೀದಿಯಲ್ಲಿ ಆಗ ದಿನಾ ಬಂದೂಕು. ಡ್ರಮ್ಮು ಸೈನಿಕರ ಹೆಜ್ಜೆಯ ಹಾಗೆ ಬಡಿಯುತ್ತದೆ, ಎಂಟು ನಿಮಿಷ. ಯಾರೂ ಫೋನ್ ನೋಡಲಿಲ್ಲ.

ಕೊನೆಗೆ ಅಣ್ಣಾವ್ರನ್ನು ಹಾಕಿದೆ. ಮನೆ ಹಾರಿಹೋಗುವಷ್ಟು ಚಪ್ಪಾಳೆ. ಒಂಬತ್ತು ಜೋಡಿಗೂ ಸೇರಿ ಅಷ್ಟು ಬಿದ್ದಿರಲಿಲ್ಲ.

ಹೊರಡುವಾಗ ಅಕ್ಕನ ಮಗಳು ಬಿಳಿ ಪ್ಲೇಟು ಕೇಳಿದಳು. ಅವಳು ಹೊಸದಾಗಿ ಪ್ಲೇಯರ್ ತಗೊಂಡಿದ್ದಾಳೆ. ಕಾನೂನು ಹೇಳಲು ಬಾಯಿ ತೆರೆದೆ, ಅಷ್ಟರಲ್ಲಿ ಹೆಂಡತಿ ಅದನ್ನು ಚೀಲಕ್ಕೆ ಹಾಕಿ ಕೊಟ್ಟೇಬಿಟ್ಟಳು. ಎರಡು ವಾರ ಆಯಿತು. ವಾಪಸ್ ಬಂದಿಲ್ಲ. ನಿನ್ನೆ ಒಂದು ಫೋಟೋ ಮಾತ್ರ ಬಂದಿದೆ: ಅವಳ ಅಡುಗೆಮನೆಯ ತಟ್ಟೆ ಸ್ಟ್ಯಾಂಡು, ನಡುವೆ ಬಿಳಿ ಪ್ಲೇಟು ಒಣಗುತ್ತಿದೆ. 'ಮಾಮ, ಸೋಪು ಒಂದೇ ಹನಿ ಹಾಕಿದ್ದೇನೆ.'