ಕಣಂಬಿನ ಕಿವಿರು

ವಿರಾಜಪೇಟೆ ಮಾರ್ಕೆಟ್‌ನಲ್ಲಿ ನಾವು ಮೀನು ತಗೊಳ್ಳುವ ಕಾಕ, ತಕ್ಕಡಿಗೆ ಹಾಕುವ ಮೊದಲು ಯಾವಾಗಲೂ ಕಿವಿರು ಎತ್ತಿ ತೋರಿಸುತ್ತಾರೆ. "ನೋಡಿ ಮೇಡಂ, ಕೆಂಪು ಕೆಂಪು. ರಾತ್ರಿ ಹಿಡಿದದ್ದು." ಹೋದ ವರ್ಷ ಏಪ್ರಿಲ್‌ನ ಒಂದು ಭಾನುವಾರ ಕಣಂಬು ಬಂದಿತ್ತು. ಬಗ್ಗಿ ನೋಡಿದೆ. ಕೆಂಪಾಗಿಯೇ ಇತ್ತು. ಆದರೆ ಆ ಎಳೆಗಳ ನಡುವೆ ರವೆ ಕಾಳಿನಂಥ ಬಿಳಿ ಚುಕ್ಕೆ ನಾಲ್ಕೈದು ಕಂಡವು.

"ತಲೆ ಬಿಸಾಡಬೇಡಿ, ಬೇರೆ ಕಟ್ಟಿಕೊಡಿ" ಅಂದೆ. ಸಾರಿಗೆ ಅಂದುಕೊಂಡರು. ನಾನೂ ಬಿಡಿಸಿ ಹೇಳಲಿಲ್ಲ.

ಕಣಂಬು ಅಂದರೆ ಮಲೆಟ್ ಮೀನು. ಕಾಕನ ಬಾಯಲ್ಲಿ ಒಂದು ಜಾತಿ ಕಣಂಬು, ಇನ್ನೊಂದು ತಿರುತ. ಕೊಂಕಣಿಯವರು ಶೆವ್ಟೊ ಅನ್ನುತ್ತಾರೆ. ಮೊಟ್ಟೆ ಇಡುವುದು ಸಮುದ್ರದಲ್ಲಿ. ಮರಿಗಳು ಮಾತ್ರ ಅಳಿವೆ ದಾಟಿ ಹೊಳೆಯೊಳಗೆ ಬಂದು, ಉಪ್ಪೂ ಅಲ್ಲದ ಸಿಹಿಯೂ ಅಲ್ಲದ ಸವಳು ನೀರಿನಲ್ಲಿ ಬೆಳೆಯುತ್ತವೆ. ಕೆಸರು, ಪಾಚಿ ಕೆರೆದು ತಿನ್ನುತ್ತವೆ. ಹೊಟ್ಟೆ ಸೀಳಿದರೆ ಕೋಳಿಯ ಹೊಟ್ಟೆಯಲ್ಲಿ ಸಿಗುತ್ತದಲ್ಲ, ಅಂಥದ್ದೇ ಒಂದು ಗಟ್ಟಿ ಉಂಡೆ ಸಿಗುತ್ತದೆ. ಮರಳಿನ ಜೊತೆ ಹಾಕಿ ಊಟ ಅರೆಯುವ ಒರಳು ಅದು. ನಮ್ಮ ಮನೆಯವರಿಗೆ ಈ ಮೀನು ಅಷ್ಟಕ್ಕಷ್ಟೆ, ಮಣ್ಣಿನ ವಾಸನೆ ಅಂತಾರೆ. ನಮ್ಮ ಕೊಡಗಿನ ಕಪ್ಪು ಹುಳಿ ಕಾಚಂಪುಳಿ ಸ್ವಲ್ಪ ಮುಂದಾಗಿ ಹಾಕಿದರೆ ವಾಸನೆಯೂ ಇಲ್ಲ, ಗೀಸನೆಯೂ ಇಲ್ಲ.

ನನ್ನ ಕಸುಬು ಹೇಳದಿದ್ದರೆ ಮುಂದಿನದ್ದು ಹುಚ್ಚಾಟದಂತೆ ಕಾಣುತ್ತದೆ. ನಾನು 31 ವರ್ಷ ಲ್ಯಾಬ್ ಟೆಕ್ನಿಶಿಯನ್ ಆಗಿದ್ದೆ. ಜಾಸ್ತಿ ಮಾಡಿದ್ದು ಮಲೇರಿಯಾ ಸ್ಲೈಡ್. ತೋಟದ ಲೈನ್‌ಮನೆಗಳಲ್ಲಿ ಯಾರಿಗೆ ಜ್ವರ ಬಂದರೂ ಬೆರಳು ಚುಚ್ಚಿದ ರಕ್ತ ಗಾಜಿನ ಮೇಲೆ ಒಣಗಿ ನನ್ನ ಮೇಜಿಗೆ ಬರುತ್ತಿತ್ತು. ಜೆಎಸ್‌ಬಿ ಬಣ್ಣದಲ್ಲಿ ಅದ್ದು, ತೊಳಿ, ಒಣಗಿಸು, ಎಣ್ಣೆ ಹನಿ ಹಾಕು, ನೂರು ಫೀಲ್ಡ್ ನೋಡು. ಫೀಲ್ಡ್ ಅಂದರೆ ಲೆನ್ಸಿನಲ್ಲಿ ಒಮ್ಮೆಗೆ ಕಾಣುವಷ್ಟು ಜಾಗ. ಈ ಬಣ್ಣ ನಮ್ಮ ದೇಶದವರೇ ಮಾಡಿದ್ದು. ಜಸ್ವಂತ್ ಸಿಂಗ್ ಮತ್ತು ಭಟ್ಟಾಚಾರ್ಜಿ, 1944ರಲ್ಲಿ. ವಿದೇಶಿ ಬಣ್ಣಕ್ಕಿಂತ ಬೇಗ ಕೆಲಸ ಮುಗಿಯುತ್ತಿತ್ತು. ಕೈಬೆರಳ ನೀಲಿ ಮಾತ್ರ ಭಾನುವಾರಕ್ಕೂ ಹೋಗುತ್ತಿರಲಿಲ್ಲ. ರಿಟೈರ್ ಆದ ಮೇಲೆ ಕಣ್ಣಿಗೆ ಕೆಲಸ ಇಲ್ಲದಂತಾಗಿ ಒಂದು ಸ್ಟೂಡೆಂಟ್ ಮೈಕ್ರೋಸ್ಕೋಪ್ ತಗೊಂಡೆ. ಊಟದ ಮೇಜಿನ ಒಂದು ಮೂಲೆ ಅದಕ್ಕೆ ಮೀಸಲು.

"ಊಟ ಮಾಡುವ ಜಾಗದಲ್ಲಿ ಕಿವಿರು ಹರಡಬೇಡ ಮಾರಾಯ್ತಿ" ಅಂತ ಅವತ್ತು ಬೈಸಿಕೊಂಡೇ ಶುರು ಮಾಡಿದೆ.

ಬಿಳಿ ಚುಕ್ಕೆಯೊಂದನ್ನು ಸೂಜಿಯಿಂದ ಎತ್ತಿ, ಗಾಜಿನ ಮೇಲಿಟ್ಟು, ಒಂದು ಹನಿ ನೀರಿನಲ್ಲಿ ಒಡೆದೆ. ಹಾಲು ಚೆಲ್ಲಿದ ಹಾಗೆ ಬೆಳ್ಳಗೆ ಹರಡಿತು. ಲೆನ್ಸ್ ಇಳಿಸಿದರೆ ಸಾವಿರಾರು ಬೀಜಗಳು. ಸೌತೆ ಬೀಜದ ಆಕಾರ. ಒಂದೊಂದರ ತುದಿಯಲ್ಲೂ ಎರಡೆರಡು ಕಣ್ಣಿನಂಥ ಚೀಲ. ಎಲ್ಲವೂ ಒಂದೇ ಕಡೆ ದಿಟ್ಟಿಸುವ ಸಣ್ಣ ಸಣ್ಣ ಮುಖಗಳ ಜಾತ್ರೆ! ಹಳೆಯ ಪುಸ್ತಕ ತೆಗೆದು ನೋಡಿದೆ. ಮಿಕ್ಸೋಬೋಲಸ್, ಮೀನಿಗೆ ಹತ್ತುವ ಒಂದು ಪರಾವಲಂಬಿ. "ಪ್ರೊಟೊಜೋವಾ ವರ್ಗ", ಅಂದರೆ ಒಂದೇ ಕೋಶದ ಪ್ರಾಣಿ ಅಂತ ಬರೆದಿತ್ತು. ನಾನೂ ಸ್ಲೈಡಿನ ಚೀಟಿಯಲ್ಲಿ ಹಾಗೇ ಬರೆದು ತಮ್ಮನ ಮಗನಿಗೆ ಫೋಟೋ ಕಳಿಸಿದೆ. ಅವನು ಮಂಗಳೂರಿನಲ್ಲಿ ಮೀನುಗಾರಿಕೆ ಓದುತ್ತಿದ್ದಾನೆ.

ಐದು ನಿಮಿಷದಲ್ಲಿ ಫೋನ್ ಬಂತು. "ಅತ್ತೆ, ಮಿಕ್ಸೋಬೋಲಸ್ ಸರಿ. ಆದ್ರೆ ಅದು ಪ್ರೊಟೊಜೋವಾ ಅಲ್ಲ. ನಿಮ್ಮ ಪುಸ್ತಕ ಹಳೇದು."

ವಿಷಯ ಏನಪ್ಪಾ ಅಂದರೆ, ನೂರು ವರ್ಷಕ್ಕೂ ಮೇಲೆ ಇವನ್ನು ಪ್ರೊಟೊಜೋವಾ ಪಟ್ಟಿಯಲ್ಲೇ ಇಟ್ಟಿದ್ದರು. 1990ರ ದಶಕದಿಂದ ಡಿಎನ್‌ಎ ನೋಡುತ್ತಾ ಹೋದಾಗ ಇವು ಲೋಳೆಮೀನು (ಜೆಲ್ಲಿಫಿಶ್), ಹವಳದ ನೆಂಟರು ಅಂತ ಗೊತ್ತಾಯಿತು. ನಾನು ಕಣ್ಣು ಅಂದುಕೊಂಡ ಆ ಚೀಲದೊಳಗೆ ಸುರುಳಿ ಸುತ್ತಿದ ದಾರ ಇರುತ್ತದೆ. ಲೋಳೆಮೀನು ಚುಚ್ಚುವುದೂ ಅಂಥದ್ದೇ ದಾರದಿಂದ. ಮೈಯೆಲ್ಲ ಕಳೆದುಕೊಂಡು, ಕೆಲವೇ ಕೋಶಕ್ಕೆ ಇಳಿದು, ಮೀನಿನ ಕಿವಿರಿನಲ್ಲಿ ಬಾಡಿಗೆಗೆ ಕೂತ ಲೋಳೆಮೀನು. ಚೀಟಿ ಹರಿದು ಬೇರೆ ಬರೆದೆ.

"ನಿಜವಾದ ಪ್ರೊಟೊಜೋವಾ ನೋಡಬೇಕು ಅಂದ್ರೆ ಮಾರ್ಕೆಟ್ ಮೀನು ಸಾಲದು" ಅಂದ. ಬೀಜಕ್ಕೆ ಗಟ್ಟಿ ಚಿಪ್ಪು ಇದೆ, ಐಸ್‌ನಲ್ಲೂ ಉಳಿಯುತ್ತದೆ. ಮೆತ್ತನೆಯವು ಮೀನು ಸತ್ತ ಸ್ವಲ್ಪ ಹೊತ್ತಿಗೇ ಹೋಗಿಬಿಡುತ್ತವೆ. ಕಣ್ಣೂರು ಕಡೆಯಿಂದ ಇರಿಟ್ಟಿ, ಕೂಟುಪುಳ, ಮಾಕುಟ್ಟ ಘಾಟಿ ಹತ್ತಿ ಬರುವ ಹೊತ್ತಿಗೆ ಏನೂ ಉಳಿದಿರುವುದಿಲ್ಲ.

ಮೇ ಕೊನೆಗೆ ಮಂಗಳೂರಿನಲ್ಲಿ ಒಂದು ಮದುವೆ ಇತ್ತು. ಮದುವೆ ಊಟ ಮುಗಿಸಿ, ರೇಷ್ಮೆ ಸೀರೆಯಲ್ಲೇ ಹೊಳೆದಂಡೆಗೆ ಹೋದೆ. ನೇತ್ರಾವತಿ, ಗುರುಪುರ ಎರಡೂ ಕೂಡಿ ಒಂದೇ ಅಳಿವೆಯಲ್ಲಿ ಕಡಲು ಸೇರುವ ಜಾಗ. ಬೀಸು ಬಲೆಯವರೊಬ್ಬರು ಅಂಗೈ ಉದ್ದದ ಆರು ಮರಿ ಮಲೆಟ್ ಕೊಟ್ಟರು. ದುಡ್ಡು ತಗೊಳ್ಳಲಿಲ್ಲ. "ಇಷ್ಟು ಸಣ್ಣದರಲ್ಲಿ ಏನು ಸಾರು ಮಾಡ್ತೀರಿ?" ಅಂತ ನಕ್ಕರು. ಜೊತೆಗಿದ್ದ ತಮ್ಮನ ಮಗ ಒಂದು ಹನಿ ನೀರನ್ನು ರಿಫ್ರಾಕ್ಟೋಮೀಟರ್‌ಗೆ ಬಿಟ್ಟು ನೋಡಿದ. ಉಪ್ಪು ಸಾವಿರಕ್ಕೆ 27. ಕಡಲಲ್ಲಿ 35ರ ಹತ್ತಿರ ಇರುತ್ತದೆ.

ಅವನ ರೂಮಿನ ಜಗಲಿಯಲ್ಲಿ ಕೂತೆವು. ಕಿವಿರಿನ ಒಂದೇ ಒಂದು ಎಳೆ ಕತ್ತರಿಸಿ, ಅದೇ ಬಕೆಟ್ ನೀರಿನ ಹನಿಯಲ್ಲಿಟ್ಟು ಕವರ್‌ಸ್ಲಿಪ್ ಮುಚ್ಚಿದ. "ನೋಡಿ ಅತ್ತೆ."

ಜರಿಗಿಡದ ಎಲೆ ಹರಡಿದ ಹಾಗೆ ಕಿವಿರು. ಒಳಗೆ ರಕ್ತ ಇನ್ನೂ ಜಿಗಿಯುತ್ತಿತ್ತು. ಅಷ್ಟರಲ್ಲಿ ಎಲೆಯ ಅಂಚಿನಿಂದ ಒಂದು ತಟ್ಟೆ ಹೊರಟಿತು. ಗಿರ್ರನೆ ತಿರುಗುತ್ತಾ, ಕೇರಂ ಬೋರ್ಡಿನ ಸ್ಟ್ರೈಕರ್ ಜಾರಿದ ಹಾಗೆ, ಒಂದು ಎಲೆಯಿಂದ ಇನ್ನೊಂದಕ್ಕೆ. ಪಕ್ಕಕ್ಕೆ ವಾಲಿದಾಗ ಟೊಪ್ಪಿಯಂತೆ ಕಂಡಿತು, ಅಂಚಿಗೆಲ್ಲ ಸಣ್ಣ ರೋಮ. ಮತ್ತೆ ಅಂಗಾತ ಬಿದ್ದಾಗ ಒಳಗೆ ಹಲ್ಲಿನ ಚಕ್ರ. ಗಡಿಯಾರ ರಿಪೇರಿಯವನು ಬಿಚ್ಚಿಟ್ಟ ಚಕ್ರ ನೋಡಿದ್ದೀರಲ್ವಾ, ಹಾಗೇ. ಟ್ರೈಕೋಡಿನಾ ಅದರ ಹೆಸರು. ಅಡ್ಡಗಲ ಸುಮಾರು 50 ಮೈಕ್ರಾನ್. ನನ್ನ ಮಲೇರಿಯಾದ್ದು 7 ಮೈಕ್ರಾನ್‌ನ ಕೆಂಪು ಕಣದೊಳಗೇ ಮನೆ ಮಾಡುವಂಥದ್ದು. ಜೊತೆಗೆ ನಾನು ನೋಡಿದ್ದೆಲ್ಲ ಸತ್ತು, ಒಣಗಿ, ಬಣ್ಣ ಕುಡಿದವು. ಓಡಾಡುವ ಪರಾವಲಂಬಿಯನ್ನು ನಾನು ಅವತ್ತೇ ಮೊದಲ ಸಲ ನೋಡಿದ್ದು.

ಎರಡನೇ ಸ್ಲೈಡ್ ನಾನೇ ಮಾಡಿದೆ. ಅಭ್ಯಾಸ ಬಲ, ನಲ್ಲಿ ನೀರು ಹಾಕಿಬಿಟ್ಟೆ. ತಿರುಗುತ್ತಿದ್ದವು ನಿಧಾನ ಆದವು, ಊದಿಕೊಂಡವು, ನಿಂತೇಹೋದವು. "ಅಯ್ಯೋ, ಕೊಂದೆ" ಅಂದೆ. ಹುಡುಗ ನಕ್ಕ. "ಕೊಂದಿಲ್ಲ ಅತ್ತೆ, ಟ್ರೀಟ್‌ಮೆಂಟ್ ಕೊಟ್ಟಿರಿ." ಉಪ್ಪು ನೀರಿನ ಮೀನಿಗೆ ಹೊರಮೈಯಲ್ಲಿ ಇಂಥವು ಹತ್ತಿದರೆ ಸ್ವಲ್ಪ ಹೊತ್ತು ಸಿಹಿ ನೀರಿನಲ್ಲಿ ಬಿಡುತ್ತಾರಂತೆ. ಕೆರೆ ಮೀನಿಗೆ ಹತ್ತಿದರೆ ಉಪ್ಪು ನೀರಿನಲ್ಲಿ ಅದ್ದುತ್ತಾರೆ. ಮೀನು ಕೆಲ ನಿಮಿಷ ತಡೆದುಕೊಳ್ಳುತ್ತದೆ, ಒಂದೇ ಕೋಶದ ಪ್ರಾಣಿಗೆ ಆ ತಾಕತ್ತು ಇಲ್ಲ.

ಎಲ್ಲಕ್ಕೂ ಇದು ನಡೆಯುವುದಿಲ್ಲ. ಅಮೈಲೂಡಿನಿಯಂ ಅಂತ ಒಂದಿದೆ, ಕಿವಿರಿಗೆ ಬೇರಿನಂಥದ್ದು ಇಳಿಸಿ ಕೂರುತ್ತದೆ. ಹೊಟ್ಟೆ ತುಂಬಿದ ಮೇಲೆ ಕೆಳಗೆ ಬಿದ್ದು ಕೋಟೆ ಕಟ್ಟಿಕೊಂಡು, ಒಂದರಿಂದ 256ರವರೆಗೆ ಮರಿ ಮಾಡುತ್ತದೆ. ಆ ಕೋಟೆಗೆ ಸಿಹಿ ನೀರಿನ ಭಯ ಇಲ್ಲ. ಹೊಳೆಯಲ್ಲಿ ಮರಿಗಳು ಚದುರಿಹೋಗುತ್ತವೆ. ಸಾಕುವ ಕೊಳದಲ್ಲಾದರೆ ಇದ್ದಬದ್ದ ಮೀನಿಗೆಲ್ಲ ಅಂಟುತ್ತವೆ.

ಮಂಗಳೂರಿನ ಆ ಮರಿ ಮಲೆಟ್‌ನ ಒಂದು ಹನಿ ರಕ್ತವನ್ನೂ ಗಾಜಿನ ಮೇಲೆ ಎಳೆದು ತಂದಿದ್ದೆ. ಮನೆಯಲ್ಲಿ ಬಣ್ಣ ಹಾಕಿ ನೋಡಿದಾಗ ಎದೆ ಧಸಕ್ ಅಂತು. ಒಂದೊಂದು ಕೆಂಪು ಕಣದೊಳಗೂ ನೇರಳೆ ಚುಕ್ಕೆ! ನೂರಕ್ಕೆ ನೂರು ಪಾಸಿಟಿವ್! ಆಮೇಲೆ ನೆನಪಾಯಿತು, ಮೀನಿನ ಕೆಂಪು ಕಣಕ್ಕೆ ನ್ಯೂಕ್ಲಿಯಸ್ ಇರುತ್ತದೆ, ನಮ್ಮದಕ್ಕೆ ಇಲ್ಲ. ಓದಿದ್ದೇ, ಆದರೆ ಕಣ್ಣು ಓದಿರಲಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲೂ ಹೀಗೇ ಒಮ್ಮೆ ಎಡವಿದ್ದೆ. ಕೆಂಪು ಕಣದ ಮೇಲೆ ಪ್ಲೇಟ್‌ಲೆಟ್ ಕೂತದ್ದನ್ನು ಪರಾವಲಂಬಿ ಅಂತ ಬರೆದು, ಒಬ್ಬ ಹುಡುಗನಿಗೆ ಸುಮ್ನೆ ಕಹಿ ಮಾತ್ರೆ ನುಂಗಿಸಿದ್ದೆ. ಅವನ ಅಮ್ಮ ಗುಣ ಆಯಿತು ಅಂತ ಕಿತ್ತಳೆ ತಂದುಕೊಟ್ಟಿದ್ದರು. ತಿಂದೆ, ಏನು ಮಾಡಲಿ.

ಮೀನಿನ ರಕ್ತದಲ್ಲೂ ನಿಜವಾದ ಪರಾವಲಂಬಿಗಳು ಇರುತ್ತವೆ ಅನ್ನಿ. ಟ್ರಿಪನೋಸೋಮಾ ಇದೆ, ಅದನ್ನು ದಾಟಿಸುವುದು ಸೊಳ್ಳೆಯಲ್ಲ, ಜಿಗಣೆ. ಮಳೆಗಾಲದಲ್ಲಿ ಕಾಲ್ಬೆರಳ ಸಂದಿಯಿಂದ ಜಿಗಣೆ ಕೀಳುತ್ತಾ ಬೆಳೆದ ನಮಗೆ ಇದು ಬೇಗ ಅರ್ಥ ಆಗುತ್ತದೆ.

ಟ್ರೈಕೋಡಿನಾದ ಚಕ್ರ ಚೆನ್ನಾಗಿ ಕಾಣಬೇಕಾದರೆ ಒಣಗಿದ ಸ್ಲೈಡಿಗೆ ಸಿಲ್ವರ್ ನೈಟ್ರೇಟ್ ಹಾಕಿ, ತೊಳೆದು, ಬಿಸಿಲಿಗೋ ಯುವಿ ದೀಪಕ್ಕೋ ಇಡಬೇಕು. ಬೆಳಕು ಬಿದ್ದಲ್ಲಿ ಬೆಳ್ಳಿ ಕಪ್ಪಾಗಿ ಹಲ್ಲುಗಳು ಎದ್ದು ಬರುತ್ತವೆ. ಜಾತಿ ಗುರುತಿಸುವವರು ಆ ಹಲ್ಲುಗಳ ಆಕಾರ, ಅಳತೆ, ಲೆಕ್ಕ ನೋಡುತ್ತಾರೆ. ಇದಕ್ಕೊಂದು ಕ್ರಮ ಹಾಕಿಕೊಟ್ಟವರು ಜೆಕ್ ವಿಜ್ಞಾನಿ ಯಿರ್ಜಿ ಲೋಮ್, 1958ರಲ್ಲಿ. ಕ್ರಮ ಏನೋ ಚೆನ್ನಾಗಿದೆ. ಆದರೆ ನಾನು ಮಾಡಹೊರಟದ್ದು ಜೂನ್‌ನಲ್ಲಿ, ವಿರಾಜಪೇಟೆಯಲ್ಲಿ! ಒಂಬತ್ತು ದಿನ ಬಿಸಿಲಿನ ಸುಳಿವಿಲ್ಲ. ಎರಡು ಸ್ಲೈಡಿಗೆ ಬೂಷ್ಟು ಹತ್ತಿತು. ಹತ್ತನೇ ದಿನ ಮಧ್ಯಾಹ್ನ ಸ್ವಲ್ಪ ಹೊಳವಾದಾಗ ಸಂಡಿಗೆ ಒಣಗಿಸುವ ಹಾಗೆ ಉಳಿದ ಸ್ಲೈಡ್ ಹಿಡಿದು ಅಂಗಳಕ್ಕೆ ಓಡಿದೆ. ಒಂದೇ ಒಂದು ಸರಿ ಬಂತು. ಹಲ್ಲು ಎಣಿಸಿದೆ, 26.

ಅದೇ ಮಳೆ ಮಂಗಳೂರಿನ ಅಳಿವೆಯಲ್ಲಿ ಏನು ಮಾಡುತ್ತಿತ್ತು ಅಂತ ಜುಲೈನಲ್ಲಿ ತಿಳಿಯಿತು. ಹುಡುಗ ಅದೇ ಜಾಗದ ರೀಡಿಂಗ್ ಕಳಿಸಿದ. ಸಾವಿರಕ್ಕೆ 27 ಇದ್ದದ್ದು 2ಕ್ಕೆ ಇಳಿದಿತ್ತು. ನಾವು ಕೊಡಗಿನವರು ನೀರು ಅಂದರೆ ಕಾವೇರಿ, ಪೂರ್ವಕ್ಕೆ ಹೋಯಿತು ಅಂದುಕೊಳ್ಳುತ್ತೇವೆ. ಪುಷ್ಪಗಿರಿ ಕಡೆಯ ಮಳೆ ಕುಮಾರಧಾರೆಯಾಗಿ ಉಪ್ಪಿನಂಗಡಿಯಲ್ಲಿ ನೇತ್ರಾವತಿ ಸೇರಿ ಮಂಗಳೂರಿಗೆ ಹೋಗುತ್ತದೆ. ಬ್ರಹ್ಮಗಿರಿಯ ಬರಪೊಳೆ ಕೇರಳಕ್ಕೆ ಇಳಿದು ವಳಪಟ್ಟಣಂ ಹೊಳೆ ಸೇರುತ್ತದೆ. ಘಾಟಿಯಲ್ಲಿ ನಮ್ಮ ನೀರು ಕೆಳಗಿಳಿಯುತ್ತದೆ, ಅವರ ಮೀನು ಮೇಲೆ ಬರುತ್ತದೆ. ಆ ನೀರು ಎಷ್ಟು ಇಳಿಯುತ್ತದೆ ಅನ್ನುವುದರ ಮೇಲೆ ಅಳಿವೆಯ ಉಪ್ಪು. ಉಪ್ಪಿನ ಮೇಲೆ ಮೀನಿನ ಕಿವಿರಿನಲ್ಲಿ ಯಾರು ಉಳಿಯಬೇಕು, ಯಾರು ಜಾಗ ಬಿಡಬೇಕು ಅನ್ನುವ ಲೆಕ್ಕ.

ಈ ಜನವರಿಯಲ್ಲಿ ಇದೇ ಚಕ್ರ ನಮ್ಮ ಮನೆ ಬಾಗಿಲಿಗೇ ಬಂತು. ತಮ್ಮನ ತೋಟದ ಕೆರೆಯಲ್ಲಿ ಕಾಟ್ಲಾ, ರೋಹು ಬಿಟ್ಟಿದ್ದಾರೆ. ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್‌ನಿಂದ ಬರುವ ಕೊಳೆ ನೀರಿನ ಗುಂಡಿ ತುಂಬಿ ಒಂದು ರಾತ್ರಿ ಕೆರೆಗೆ ಹರಿಯಿತು. ವಾರದ ಮೇಲೆ ಮೀನು ಕಲ್ಲಿಗೆ ಮೈ ಉಜ್ಜುತ್ತಿದ್ದವು, ಬೆಳಿಗ್ಗೆ ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಕಿವಿರು ನೋಡಿದರೆ ಟ್ರೈಕೋಡಿನಾ, ಸಿಹಿ ನೀರಿನ ಜಾತಿಯದ್ದು. ಒಂದು ಫೀಲ್ಡಿನಲ್ಲಿ ಎಣಿಸಲಾರದಷ್ಟು. ಮಂಗಳೂರಿನ ಮರಿಗಳಲ್ಲಿ ಇಡೀ ಎಳೆಗೆ ಮೂರೋ ನಾಲ್ಕೋ ಇದ್ದವು, ಮೀನು ಆರಾಮಾಗಿಯೇ ಇದ್ದವು. ಟ್ರೈಕೋಡಿನಾ ತಿನ್ನುವುದು ಜಾಸ್ತಿ ಬ್ಯಾಕ್ಟೀರಿಯಾವನ್ನು. ಮೀನು ಅದಕ್ಕೆ ಕೂರುವ ಜಾಗ ಅಷ್ಟೆ. ನೀರು ಕೊಳೆತರೆ ಬ್ಯಾಕ್ಟೀರಿಯಾ ಹೆಚ್ಚುತ್ತದೆ, ತಿನ್ನುವವರೂ ಹೆಚ್ಚುತ್ತಾರೆ, ಆಗ ಆ ಹಲ್ಲಿನ ಚಕ್ರಗಳು ಕಿವಿರನ್ನು ಉಜ್ಜಿ ಉಜ್ಜಿ ಹಾಳು ಮಾಡುತ್ತವೆ.

ನನಗೆ ಕಷ್ಟವಾದದ್ದು ಇದೇ. 31 ವರ್ಷ ನನ್ನ ರಿಜಿಸ್ಟರ್‌ನಲ್ಲಿ ಇದ್ದದ್ದು ಪಾಸಿಟಿವ್, ನೆಗೆಟಿವ್, ಎರಡೇ. ನೂರು ಫೀಲ್ಡಿನಲ್ಲಿ ಒಂದು ಕಂಡರೂ ಮಾತ್ರೆ. "ಮೀನು ಪಾಸಿಟಿವ್" ಅಂತ ತಮ್ಮನಿಗೆ ಹೇಳಿದೆ. ಅವನ ಮಗ ಫೋನಿನಲ್ಲಿ ಕೇಳಿದ: "ಎಷ್ಟು ಪಾಸಿಟಿವ್ ಅತ್ತೆ?"

ಲೀಟರಿಗೆ 20 ಗ್ರಾಂ ಕಲ್ಲುಪ್ಪು ಹಾಕಿ, ಮೀನನ್ನು ಬಲೆಯಲ್ಲೇ ಐದೈದು ನಿಮಿಷ ಅದ್ದಿ ಬಿಟ್ಟೆವು. ಕೆರೆಯ ಅರ್ಧ ನೀರು ಬದಲಾಯಿಸಿದರು. ಗುಂಡಿಯ ದಂಡೆ ಎತ್ತರಿಸಲು ತಮ್ಮ ಇಬ್ಬರು ಆಳು ಹಾಕಿದ. ಹದಿನೇಳು ಮೀನು ಸತ್ತವು, ಉಳಿದವು ಉಳಿದವು.

ಕೇಳುವವರು ಇರುತ್ತಾರೆ, ಆದ್ದರಿಂದ ಹೇಳಿಬಿಡುತ್ತೇನೆ. ಕಿವಿರಿನ ಈ ಟ್ರೈಕೋಡಿನಾ, ಅಮೈಲೂಡಿನಿಯಂ ಮನುಷ್ಯರಿಗೆ ಅಂಟುವಂಥವಲ್ಲ. ಮಲೆಟ್‌ನಿಂದ ಮನುಷ್ಯರಿಗೆ ಬರುವುದು ಒಂದು ಬಗೆಯ ಚಪ್ಪಟೆ ಹುಳ. ಅದೂ ಈಜಿಪ್ಟಿನವರು ಫೆಸೀಖ್ ಮಾಡಿ ತಿನ್ನುವ ಹಾಗೆ ಬೇಯಿಸದೆ ಉಪ್ಪು ಹಾಕಿಟ್ಟು ತಿಂದರೆ. ನಮ್ಮಲ್ಲಿ ಕುದಿಯದ ಮೀನು ಸಾರು ಎಲ್ಲಿದೆ?

ಕೇರಳದಲ್ಲಿ ಟ್ರಾಲ್ ಬೋಟ್‌ಗಳಿಗೆ ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ ರಜೆ. ಆಗ ಕಾಕನ ಮೇಜಿನ ಮೇಲೆ ಹೊಳೆ ಮೀನೇ ಜಾಸ್ತಿ. ಹೋದ ವಾರ ಹೋದಾಗ ನಾನು ಕೇಳುವ ಮೊದಲೇ ಒಂದು ಸಣ್ಣ ಕವರ್ ತೆಗೆದುಕೊಟ್ಟರು. ಒಳಗೆ ಕಿವಿರು. ಪಕ್ಕದಲ್ಲಿ ಮತ್ತಿ ಆರಿಸುತ್ತಿದ್ದ ಹೆಂಗಸು ಮುಖ ಸಿಂಡರಿಸಿ ಇದು ಯಾಕೆ ಅಂದರು.

"ಗುಲಾಬಿ ಗಿಡಕ್ಕೆ" ಅಂದರು ಕಾಕ. ಆಮೇಲೆ ನನ್ನ ಕಡೆ ಬಗ್ಗಿ ಮೆಲ್ಲಗೆ, "ಬಿಳಿದು ಇದೆ ಮೇಡಂ, ಮೂರು."